ಪೈಪಿನ ಜೋಡಣೆ: ಕೂಡಿದೆಯೋ, ಬರೀ ಅಂಟಿದೆಯೋ?

ಹಲವಾಗಲು ಸೀಮೆಯ ಅಡಿಕೆ ತೋಟಕ್ಕೆ ಬೇಸಿಗೆಯ ಜೀವ ಪೈಪಿನಲ್ಲಿದೆ. ಪೈಪಿನ ಜೀವ ಜೋಡಣೆಯಲ್ಲಿದೆ. ಕಳೆದ ಬೇಸಿಗೆ ನಮ್ಮ ತೋಟದಲ್ಲೇ, ಹೂಳಿ ಮುಚ್ಚಿದ್ದ ಪಿ.ವಿ.ಸಿ. ಜೋಡಣೆಯೊಂದು ರಾತ್ರಿ ಮೋಟಾರು ಹಾಕಿದಾಗ ಬಿಚ್ಚಿಕೊಂಡಿತು. ಎಲ್ಲಿ ಎಂದು ಹುಡುಕಿ, ಅಗೆದು, ಸರಿಪಡಿಸುವಷ್ಟರಲ್ಲಿ ಐದು ದಿನ ಹೋದವು. ಎಳೆಯ ಸಸಿಗಳು ಬಾಡಿದವು, ಕೆಲವು ಉಳಿಯಲಿಲ್ಲ. ಬಿಚ್ಚಿದ ಪೈಪಿನ ತುದಿ ಹೊಸದರಂತೆ ಹೊಳೆಯುತ್ತಿತ್ತು. ಮೇಲೆ ಒಣಗಿದ ಸಲ್ಯೂಷನ್ನಿನ ಸಿಪ್ಪೆ ಮಾತ್ರ. ಉರಿಬಿಸಿಲಿನಲ್ಲಿ ನಿಂತು ಜೋಡಿಸಿದವರು ನಾವೇ, ದೂರಲು ಬೇರೆ ಯಾರೂ ಇಲ್ಲ.

ಪ್ಲಾಸ್ಟಿಕ್ ಎಂದರೆ ಸಾವಿರಾರು ಕೊಂಡಿಗಳ ಉದ್ದನೆಯ ಸರಪಳಿ ಅಣುಗಳು. ಜರ್ಮನಿಯ ಹರ್ಮನ್ ಸ್ಟೌಡಿಂಗರ್ 1920ರಲ್ಲಿ ಈ ಮಾತು ಮುಂದಿಟ್ಟಾಗ ಅನೇಕ ವಿದ್ವಾಂಸರು ಒಪ್ಪಲಿಲ್ಲ. 1953ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಬಂತು. ಪುಂಡಿನಾರಿನ ಹಗ್ಗ ಹೊಸೆಯುವವರು ಹಳೆಯ ನಾರು ಮುಗಿಯುವ ಮೊದಲೇ ಹೊಸ ನಾರನ್ನು ಅದರೊಳಗೆ ಸೇರಿಸುತ್ತಾರಲ್ಲ, ಪೈಪಿನಲ್ಲಿಯೂ ಹಾಗೆಯೇ. ಈ ಕಡೆಯ ಸರಪಳಿ ಆ ಕಡೆಗೆ ನುಸುಳಿ ಸಿಕ್ಕುಬಿದ್ದರೆ ಮಾತ್ರ ಬಲ.

ಪಿ.ವಿ.ಸಿ.ಯಲ್ಲಿ ಈ ಕೆಲಸ ಸಲ್ಯೂಷನ್ನಿನದು. ಅದು ಗೋಂದಲ್ಲ, ಎರಡೂ ಮೈಗಳನ್ನು ಕರಗಿಸಿ ಮೆತ್ತಗಾಗಿಸುತ್ತದೆ. ಸೇರಿಸುವ ಮೊದಲೇ ಒಣಗಿದರೆ, ಅಥವಾ ಪೈಪು ಒದ್ದೆಯಿದ್ದರೆ, ಸರಪಳಿಗಳು ದಾಟಲಾರವು. ಆದ್ದರಿಂದ ಬೆಳಗಿನ ತಂಪಿನಲ್ಲಿ, ಒರೆಸಿ, ಎರಡೂ ಕಡೆ ಹಚ್ಚಿ, ಹಸಿಯಿರುವಾಗಲೇ ಪೂರ್ತಿ ತೂರಿಸಿ, ಕಾಲು ಸುತ್ತು ತಿರುಗಿಸಿ, ಅರ್ಧ ನಿಮಿಷ ಒತ್ತಿ ಹಿಡಿಯಬೇಕು. ಕರಿ ಎಚ್.ಡಿ.ಪಿ.ಇ. ಪೈಪಿಗೆ ಸಲ್ಯೂಷನ್ ಹಚ್ಚುವುದು ದಂಡ, ಅದು ಕರಗುವುದಿಲ್ಲ. ಅದಕ್ಕೆ ಕಾವೇ ಬೇಕು. ತುದಿಗಳನ್ನು ಸುಮಾರು 200ರಿಂದ 230 ಡಿಗ್ರಿ ಸೆಲ್ಸಿಯಸ್ ಕಾವಿನ ತಟ್ಟೆಗೆ ಹಿಡಿದು, ತಟ್ಟೆ ತೆಗೆದ ಕೂಡಲೇ ಒತ್ತಿ ಸೇರಿಸುತ್ತಾರೆ.

ಕೂಡಿದೆಯೋ ಎಂದು ತಿಳಿಯುವುದು ಹೇಗೆ? ಕರಿ ಪೈಪಿನ ಬೆಸುಗೆಯ ಸುತ್ತ ಉಬ್ಬಿದ ಅಂಚು ಎರಡೂ ಕಡೆ ಸಮನಾಗಿ ಮಗುಚಿರಬೇಕು, ನಡುವಿನ ಗೆರೆ ಪೈಪಿನ ಮೈಗಿಂತ ಕೆಳಕ್ಕೆ ಇಳಿದಿರಬಾರದು. ಆದರೆ ಅಂಚು ಚೆಂದವಿದ್ದ ಮಾತ್ರಕ್ಕೆ ನಂಬಬೇಡಿ. ತಟ್ಟೆ ತೆಗೆದ ಮೇಲೆ ತಡಮಾಡಿದರೆ ಮೈ ಆರಿರುತ್ತದೆ, ಹೊರಗೆ ಕಾಣದು. ತಣ್ಣಗಾದ ಮೇಲೆ ಆ ಅಂಚನ್ನು ಕೆತ್ತಿ ತೆಗೆದು, ಹಿಂದಕ್ಕೆ ಬಗ್ಗಿಸಿ ನೋಡಿ. ನಡುವೆ ಸೀಳಿದರೆ ಒಳಗೆ ಧೂಳೋ ಜಿಡ್ಡೋ ಸೇರಿದೆ ಎಂದರ್ಥ.

ಖಚಿತ ಪರೀಕ್ಷೆಗೆ ಒಂದು ಜೋಡಣೆಯನ್ನು ಬಲಿಕೊಡಲೇಬೇಕು. ಕೆಲಸ ಶುರುಮಾಡುವಾಗಲೇ ತುಂಡು ಪೈಪಿನಲ್ಲಿ ಒಂದನ್ನು ಮಾಡಿಸಿ, ಬೆಸುಗೆ ನಡುವೆ ಬರುವಂತೆ ಉದ್ದಕ್ಕೆ ಪಟ್ಟಿ ಕತ್ತರಿಸಿ ಮಡಿಸಿ. ಬೆಸುಗೆಯಲ್ಲೇ ನುಣ್ಣಗೆ ತುಂಡಾದರೆ ಅದು ಬರೀ ಅಂಟಿದ್ದು. ಪಿ.ವಿ.ಸಿ. ಆದರೆ ಒಂದು ದಿನ ಬಿಟ್ಟು ಉದ್ದಕ್ಕೆ ಸೀಳಿ, ಸಂದಿಗೆ ಸ್ಕ್ರೂಡ್ರೈವರ್ ಹಾಕಿ ಮೀಟಿ. ಸಿಪ್ಪೆಯಂತೆ ಎದ್ದುಬಂದರೆ ಕೆಟ್ಟಿತು. ಪೈಪೇ ಒಡೆದರೆ ಸಂತೋಷಪಡಿ.

ಕೊನೆಗೆ, ಇಪ್ಪತ್ತನಾಲ್ಕು ಗಂಟೆ ಬಿಟ್ಟು ನಿಧಾನವಾಗಿ ನೀರು ತುಂಬಿಸಿ, ಗಾಳಿ ಹೊರಬಿಟ್ಟು, ಆಮೇಲೆ ಒತ್ತಡ ಕೊಡಿ. ಕಂಪ್ರೆಸರ್ ಗಾಳಿಯಿಂದ ಪರೀಕ್ಷಿಸಬೇಡಿ. ಪೈಪು ಸಿಡಿದರೆ ಪ್ರಾಣಕ್ಕೇ ಅಪಾಯ. ನೀರಿನ ಪರೀಕ್ಷೆ ಮುಗಿಯುವವರೆಗೆ ಜೋಡಣೆಗಳ ಮೇಲೆ ಮಣ್ಣು ಎಳೆಯಬೇಡಿ.