ನಿಮ್ಮ ಬೋರ್‌ವೆಲ್, ನೆರೆಯವನ ಬೋರ್‌ವೆಲ್
ವಾಕ್ಯಭಾಗ: ಆದಿಕಾಂಡ 26:17-22, ಫಿಲಿಪ್ಪಿಯವರಿಗೆ 2:4

ಯೂತ್ ಮೀಟಿಂಗ್‌ನಲ್ಲಿ ಒಬ್ಬ ತಮ್ಮ ಕೇಳಿದ: "ಬ್ರದರ್, ನನ್ನ ಒಳ್ಳೇದು ನಾನು ನೋಡ್ಕೊಂಡ್ರೆ ಪಾಪಾನಾ? ಎಲ್ಲರ ಒಳ್ಳೇದು ನೋಡ್ತಾ ಕೂತ್ರೆ ನನ್ನ ಗತಿ ಏನು?" ಇದಕ್ಕೆ ನೀರಿನ ವಿಷಯದಿಂದಲೇ ಉತ್ತರ ಹೇಳಬೇಕು, ಯಾಕಂದ್ರೆ ಅಲ್ಲೇ ನಾನು ಸಿಕ್ಕಿಬಿದ್ದಿದ್ದು.

2024ರ ಮಾರ್ಚ್ ನೆನಪಿದೆಯಲ್ವಾ? ಕುಡಿಯುವ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಹೇಳಿದ ತಿಂಗಳು. ಯಲಹಂಕದಲ್ಲಿ ನಾವಿರೋ ಬಿಲ್ಡಿಂಗಿನ ಬೋರ್ ನಿಂತಿತು. ಇನ್ನೂ ಆಳಕ್ಕೆ ಕೊರೆಸೋಣ ಅಂದರು, ನಾನೂ ಕೈ ಎತ್ತಿದೆ. ಮನೇಲಿ ಕೈಮಗು, ಟ್ಯಾಂಕರ್‌ಗೆ ದುಡ್ಡು ಹೊಂದುತ್ತಿರಲಿಲ್ಲ. ನೀರು ಬಂತು. ಭಾನುವಾರ ಸಾಕ್ಷಿ ಕೂಡ ಹೇಳಿದೆ! ಎರಡು ವಾರಕ್ಕೆ ಹಿಂದಿನ ಬೀದಿಯ ಶೀಟ್ ಮನೆ ಅಜ್ಜಿ ಬಿಂದಿಗೆ ಹಿಡಿದು ನಮ್ಮ ಗೇಟಿಗೆ ಬಂದರು. ಅವರ ಹಳೇ ಬೋರ್ ಬತ್ತಿತ್ತು. ನಮ್ಮಿಂದಲೇ ಅಂತ ಖಚಿತವಾಗಿ ಹೇಳಲಾರೆ. ಆದರೆ ನಮ್ಮೂರ ಕೆಳಗಿರೋದು ಗಟ್ಟಿ ಬಂಡೆ, ನೀರು ನಿಲ್ಲೋದು ಅದರ ಬಿರುಕುಗಳಲ್ಲಿ, ಬಿರುಕಿಗೆ ಕಾಂಪೌಂಡ್ ಗೋಡೆ ಇಲ್ಲ. ಆ ಸಾಕ್ಷಿ ನೆನೆದರೆ ಈಗಲೂ ನಾಚಿಕೆ.

ನಮ್ಮ ಪಕ್ಕದ ಹೆಸರಘಟ್ಟವನ್ನೇ ನೋಡಿ. 1890ರ ದಶಕದಲ್ಲಿ ಬೆಂಗಳೂರಿಗೆ ಅಲ್ಲಿಂದಲೇ, ಅರ್ಕಾವತಿಯಿಂದಲೇ ನೀರು ಬರುತ್ತಿತ್ತು. ಆಮೇಲೆ ನದಿ ಸೊರಗಿತು. ಅಂತರ್ಜಲ ಇಳಿದದ್ದೂ ಒಂದು ಕಾರಣ. ನದಿ ಒಣಗಿಸಬೇಕು ಅಂತ ಯಾರೂ ಹೊರಟಿರಲಿಲ್ಲ. ಪ್ರತಿಯೊಬ್ಬರೂ ತಮ್ಮ ಸಂಸಾರ ನೋಡಿಕೊಂಡರು, ಅಷ್ಟೇ. ಈಗ ಸುಮಾರು 100 ಕಿಲೋಮೀಟರ್ ದೂರದ ಕಾವೇರಿಯನ್ನು ಮೇಲಕ್ಕೆ ಪಂಪ್ ಮಾಡಿ ತರ್ತೀವಿ.

ಇಸಾಕನ ಕಥೆ ಗೊತ್ತು. ಎರಡು ಬಾವಿ ತೋಡಿದ, ಗೆರಾರಿನವರು ಜಗಳಕ್ಕೆ ಬಂದರು, ಬಿಟ್ಟುಕೊಟ್ಟ. ಮೂರನೆಯದು ರೆಹೋಬೋತ್. ನಾವು ಇದನ್ನು ಪ್ರಮೋಷನ್ ಮೆಸೇಜ್ ಮಾಡಿಬಿಟ್ಟಿದ್ದೀವಿ (ನಾನೂ ಮಾಡಿದ್ದೀನಿ). ಒಂದು ಗಮನಿಸಿ: ಇಸಾಕ ಬಾವಿ ತೋಡೋದನ್ನೇ ಬಿಡಲಿಲ್ಲ. ಅವನ ಕುರಿಗಳಿಗೂ ನೀರು ಬೇಕಿತ್ತು. ಪೌಲನೂ ಸ್ವಹಿತ ನೋಡಲೇಬೇಡಿ ಅನ್ನಲ್ಲ. 'ಮಾತ್ರ' ನೋಡಬೇಡಿ, ಪರಹಿತ 'ಸಹ' ನೋಡಿ ಅಂತಾನೆ. ಯೆರೆಮೀಯ 29:7ರಲ್ಲಂತೂ ಸೆರೆಹೋದವರಿಗೆ, ಬಾಬೆಲಿನ ಕ್ಷೇಮದಲ್ಲೇ ನಿಮ್ಮ ಕ್ಷೇಮ ಇದೆ ಅನ್ನುವ ಮಾತು. ಹಾಗಾದ್ರೆ ಎರಡೂ ಒಂದೇನಾ? ಲಾಂಗ್ ರನ್‌ನಲ್ಲಿ ಬಹುಮಟ್ಟಿಗೆ ಹೌದು. ನಾನು ಇಂಗಿಸಿದ ಮಳೆನೀರು ನೆರೆಯವನ ಬೋರಿಗೂ ಹೋಗುತ್ತೆ, ನನಗೂ ಬರುತ್ತೆ.

ಆದರೆ ತಮ್ಮಾ, ಆ ಅಜ್ಜಿ ಹತ್ತಿರ ಲಾಂಗ್ ರನ್ ಇಲ್ಲ. ಮೊದಲು ಪಂಪ್ ಆಫ್ ಮಾಡಿದವನಿಗೆ ನಷ್ಟ ಆಗಲೂಬಹುದು. ಪಕ್ಕದವನು ಆಫ್ ಮಾಡ್ತಾನೆ ಅನ್ನೋ ಗ್ಯಾರಂಟಿ ಇಲ್ಲ. ಇಸಾಕನ ಮೊದಲ ಎರಡು ಬಾವಿ ವಾಪಸ್ ಬರಲಿಲ್ಲ. ಬಿಟ್ಟುಕೊಡು, ದೇವರು ಡಬಲ್ ಕೊಡ್ತಾನೆ ಅಂತ ನಾನು ಹೇಳಲ್ಲ. ಅದು ಸ್ವಾರ್ಥಕ್ಕೇ ಹಲ್ಲೆಲೂಯ ಹಾಕಿದ ಹಾಗೆ. ಲೆಕ್ಕ ಕೂಡದ ಜಾಗದಲ್ಲೂ ಒಬ್ಬರು ಮೊದಲು ಕೈ ಹಿಂದೆ ತಗೋಬೇಕು. ನಂಬಿಕೆ ಕೆಲಸಕ್ಕೆ ಬರೋದು ಅಲ್ಲೇ.

ಇಸಾಕ ಅಲ್ಲಿಂದ ಮುಂದಕ್ಕೆ ಹೋದ. ನಾವು ಹೋಗೋದೆಲ್ಲಿಗೆ? ಕೆಳಗೆ ಅದೇ ಬಂಡೆ. ನಾವು ಗೋಡೆ ಮೇಲಿಂದ ಅಜ್ಜಿ ಮನೆಗೆ ಒಂದು ಪೈಪ್ ಎಳೆದೆವು, ಬೆಳಿಗ್ಗೆ ಅರ್ಧ ಗಂಟೆ. 2009ರಿಂದಲೇ ಮಳೆನೀರು ಕೊಯ್ಲು ಕಡ್ಡಾಯ ಇದ್ದರೂ ನಮ್ಮ ಮಳೆ ಪೈಪ್ ಸೀದಾ ಚರಂಡಿಗೆ ಇಳಿದಿತ್ತು. ಅದನ್ನು ಇಂಗುಗುಂಡಿಗೆ ತಿರುಗಿಸಿದೆವು. ಮೂರು ಮನೆಯವರು ದುಡ್ಡು ಕೊಡಲಿಲ್ಲ. ಅಜ್ಜಿ ಬೋರ್‌ನಲ್ಲಿ ಇನ್ನೂ ನೀರು ಬಂದಿಲ್ಲ, ಪೈಪ್ ಹಾಗೇ ಇದೆ.