ಮೂಡಲಪಾಯದ ಟೇಪುಗಳು: ಧ್ವನಿ-ದೃಶ್ಯ ಹೊಂದಿಕೆಯ ಪಾಠಸಮಸ್ಯೆ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ತೆಂಗಿನ ಸೀಮೆಯು ಮೂಡಲಪಾಯ ಯಕ್ಷಗಾನದ ನೆಲೆಗಳಲ್ಲೊಂದು. ಕೆಂಕೆರೆಯಂತಹ ಊರಿನ ಮನೆಯೊಂದರ ಅಟ್ಟದಲ್ಲಿ ಉಳಿದ ಹಳೆಯ ವಿಎಚ್‌ಎಸ್ ಟೇಪುಗಳಲ್ಲಿ, ಮದುವೆ-ಗೃಹಪ್ರವೇಶಗಳ ಜೊತೆಗೆ ರಾತ್ರಿಯ ಆಟವೊಂದು ದೊರೆತರೆ, ಅದು ಜನಪದ ರಂಗಭೂಮಿಯ ವಿದ್ಯಾರ್ಥಿಗೆ ಏಕೈಕ ಹಸ್ತಪ್ರತಿಗೆ ಸಮಾನ. ಅದನ್ನು ಗಣಕೀಕರಿಸುವಾಗ ಧ್ವನಿ ಮತ್ತು ದೃಶ್ಯಗಳು ಬೇರ್ಪಡುವುದನ್ನು ಕೇವಲ ತಾಂತ್ರಿಕ ಕಿರಿಕಿರಿಯೆಂದು ಭಾವಿಸುವುದು ಸರಿಯಲ್ಲ. ಅದು ಲಿಪಿಕಾರನ ಸ್ಖಾಲಿತ್ಯದಂತೆ ಪಾಠದೋಷವೇ ಆಗಿದೆ.

ನಮ್ಮ ದೇಶದ ಪಾಲ್ ಪದ್ಧತಿಯಲ್ಲಿ ಸೆಕೆಂಡಿಗೆ 25 ಚೌಕಟ್ಟುಗಳು. ಒಂದೊಂದಕ್ಕೂ 40 ಮಿಲಿಸೆಕೆಂಡು. ಧ್ವನಿ ಮೂರು ಚೌಕಟ್ಟು ತಡವಾದರೆ ಅಂತರ 120 ಮಿಲಿಸೆಕೆಂಡು. ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ 1998ರ ಶಿಫಾರಸಿನ ಪ್ರಕಾರ ಧ್ವನಿ 45 ಮಿಲಿಸೆಕೆಂಡು ಮುಂದಾದರೆ ಅಥವಾ 125 ಮಿಲಿಸೆಕೆಂಡು ಹಿಂದಾದರೆ ಮಾತ್ರ ಅದು ನೋಡುಗನ ಗಮನಕ್ಕೆ ಬರುತ್ತದೆ. ಅಂದರೆ ಈ ದೋಷ ಮನೆಯವರಿಗೆ ಕಾಣುವುದೇ ಇಲ್ಲ. ಆದರೆ ಮದ್ದಳೆ ಸೆಕೆಂಡಿಗೆ ನಾಲ್ಕು ಪೆಟ್ಟಿನ ಲಯದಲ್ಲಿದ್ದರೆ, ಪೆಟ್ಟಿನ ಮೇಲೆ ಬಿದ್ದ ಹೆಜ್ಜೆ ಎರಡು ಪೆಟ್ಟುಗಳ ನಡುವೆ ಬಿದ್ದಂತೆ ತೋರುತ್ತದೆ. ಇಂತಹ ಪ್ರತಿಯನ್ನು ನಂಬಿ ಕುಣಿತದ ತಾಳವನ್ನು ವಿವರಿಸಿದ ಪ್ರಬಂಧ, ಇಲ್ಲದ ಸಂಪ್ರದಾಯವೊಂದನ್ನು ಸೃಷ್ಟಿಸಿಬಿಡಬಹುದು.

ದೋಷದ ಸ್ವರೂಪವನ್ನು ತಿಳಿಯಲು ತೆಂಗಿನ ಸೀಮೆಯಲ್ಲಿ ಸುಲಭ ಸಾಧನವೊಂದಿದೆ: ಈಡುಗಾಯಿ. ಕಾಯಿ ಕಲ್ಲಿಗೆ ತಾಗುವ ಚೌಕಟ್ಟು, ಅದು ಒಡೆಯುವ ಸದ್ದು ಎರಡೂ ಖಚಿತ. ಸಿನಿಮಾದವರ ಕ್ಲಾಪ್ ಹಲಗೆ ಮಾಡುವ ಕೆಲಸವೂ ಇದೇ. ಕಾಯಿ ಸಿಗದ ಕಡೆ ಭಾಗವತರ ತಾಳ ಕೂಡುವ ಕ್ಷಣ ಆದೀತು. ಟೇಪಿನ ಆರಂಭ, ಮಧ್ಯ, ಅಂತ್ಯಗಳಲ್ಲಿ ಹೀಗೆ ಅಳೆದಾಗ ಅಂತರ ಒಂದೇ ಆಗಿದ್ದರೆ ಧ್ವನಿಯನ್ನು ಅಷ್ಟು ಸರಿಸಿದರೆ ಸಾಕು.

ಅಂತರ ಸಮನಾಗಿ ಬೆಳೆಯುತ್ತ ಹೋದರೆ ಕಾರಣ ಬೇರೆ. ದೃಶ್ಯವನ್ನು ಒಂದು ಸಾಧನ, ಧ್ವನಿಯನ್ನು ಗಣಕದ ಸೌಂಡ್ ಕಾರ್ಡ್ ಗ್ರಹಿಸಿದಾಗ ಎರಡು ಗಡಿಯಾರಗಳು ಸ್ವತಂತ್ರವಾಗಿ ನಡೆಯುತ್ತವೆ. ಸೆಕೆಂಡಿಗೆ 48,000 ಮಾದರಿಗಳಲ್ಲಿ ಕೇವಲ 10ರ ವ್ಯತ್ಯಾಸವಿದ್ದರೂ ಗಂಟೆಗೆ ಮುಕ್ಕಾಲು ಸೆಕೆಂಡು, ಮೂರು ಗಂಟೆಯ ಇ-180 ಟೇಪಿಗೆ ಎರಡೂಕಾಲು ಸೆಕೆಂಡು ತಪ್ಪುತ್ತದೆ. ಎರಡನ್ನೂ ಒಂದೇ ಸಾಧನದಲ್ಲಿ ಮತ್ತೆ ಗ್ರಹಿಸುವುದು ಉತ್ತಮ. ಅದು ಅಸಾಧ್ಯವಾದಲ್ಲಿ ಧ್ವನಿಯ ವೇಗವನ್ನೇ ಅಷ್ಟು ಪ್ರಮಾಣದಲ್ಲಿ ಬದಲಿಸಬೇಕು. ಶ್ರುತಿಯಲ್ಲಾಗುವ ವ್ಯತ್ಯಾಸ ಕಿವಿಗೆ ತಿಳಿಯದಷ್ಟು ಅಲ್ಪ. ಶ್ರುತಿಯನ್ನು ಉಳಿಸಿ ಕಾಲವನ್ನು ಮಾತ್ರ ಹಿಗ್ಗಿಸುವ ವಿಧಾನ ಮದ್ದಳೆಯ ಪೆಟ್ಟಿನ ಮೊನಚನ್ನು ಕೆಡಿಸುವ ಸಂಭವವಿರುವುದರಿಂದ ಅದನ್ನು ಬಳಸದಿರುವುದೇ ಲೇಸು.

ಹೆಚ್ಚು ಕಾಡುವುದು ಥಟ್ಟನೆ ಜಿಗಿಯುವ ಅಂತರ. ಬೂಷ್ಟು ಹಿಡಿದ, ಸುಕ್ಕುಗಟ್ಟಿದ ಟೇಪಿನ ಸಂಕೇತ ಅಲುಗಾಡಿದೆಡೆ ಗ್ರಾಹಕ ಸಾಧನ ಚೌಕಟ್ಟುಗಳನ್ನು ಕೈಬಿಡುತ್ತದೆ, ಧ್ವನಿ ಮಾತ್ರ ಎಂದಿನಂತೆ ಸಾಗುತ್ತದೆ. 25 ಚೌಕಟ್ಟು ಹೋದರೆ ದೃಶ್ಯ ಒಂದು ಸೆಕೆಂಡು ಮುಂದೆ ಓಡಿರುತ್ತದೆ. ಇದಕ್ಕೆ ಕೊನೆಯಲ್ಲಿ ಒಟ್ಟಾರೆ ವೇಗ ತಿದ್ದುವುದು ತಪ್ಪು ಚಿಕಿತ್ಸೆ. ಕೊನೆ ಕೂಡಿದರೂ ನಡುವೆ ಎಲ್ಲವೂ ಕೆಡುತ್ತದೆ. ಟೇಪನ್ನು ಶುಚಿಗೊಳಿಸಿ, ಟೈಮ್ ಬೇಸ್ ಕರೆಕ್ಟರ್ ಮೂಲಕ ಹಾಯಿಸಿ ಮತ್ತೆ ಗ್ರಹಿಸಬೇಕು. ಆಗಲೂ ಉಳಿದ ಲೋಪಗಳನ್ನು ಆಯಾ ಸ್ಥಳದಲ್ಲೇ ಖಾಲಿ ಚೌಕಟ್ಟುಗಳಿಂದ ತುಂಬುವುದು, ತ್ರುಟಿತ ಓಲೆಗೆ ಚುಕ್ಕಿ ಹಾಕುವ ಸಂಪಾದಕನ ಕ್ರಮಕ್ಕೆ ಹತ್ತಿರವಾದದ್ದು.

ಇಲ್ಲಿ ಸೂಕ್ಷ್ಮವೊಂದಿದೆ. ಕ್ಯಾಮೆರಾ ರಂಗದಿಂದ 20 ಮೀಟರ್ ದೂರವಿದ್ದರೆ ಸದ್ದು ಅಲ್ಲಿಗೆ ತಲುಪುವಷ್ಟರಲ್ಲಿ ಸುಮಾರು 58 ಮಿಲಿಸೆಕೆಂಡು, ಒಂದೂವರೆ ಚೌಕಟ್ಟು, ಕಳೆದಿರುತ್ತದೆ. ಇದು ಗಣಕದ ದೋಷವಲ್ಲ; ಅಲ್ಲಿ ಕುಳಿತ ಪ್ರೇಕ್ಷಕ ಕೇಳಿದ್ದೂ ಹಾಗೆಯೇ. ಆದ್ದರಿಂದ ತಿದ್ದದ ಮೂಲಗ್ರಹಣವನ್ನು ಪ್ರತ್ಯೇಕವಾಗಿ ಕಾಯ್ದಿಟ್ಟು, ತಿದ್ದಿದ ಪ್ರತಿಯೊಡನೆ ಸರಿಸಿದ ಪ್ರಮಾಣವನ್ನು ದಾಖಲಿಸುವುದು ಅವಶ್ಯ. ಮರುಗ್ರಹಣಕ್ಕೆ ಕಾಲಾವಕಾಶವೂ ಕಿರಿದು: ವಿಸಿಆರ್ ತಯಾರಿಸುತ್ತಿದ್ದ ಕೊನೆಯ ಕಂಪನಿಯಾದ ಜಪಾನಿನ ಫುನಾಯ್ 2016ರ ಜುಲೈನಲ್ಲಿ ಉತ್ಪಾದನೆ ನಿಲ್ಲಿಸಿತು. ಸುಸ್ಥಿತಿಯ ಯಂತ್ರವೊಂದು ಕೈಗೆ ಸಿಕ್ಕಾಗ ಮೊದಲು ಓಡಿಸಬೇಕಾದುದು ಮದುವೆಯ ಟೇಪಲ್ಲ, ಆಟದ ಟೇಪು.