ಕಾಡ್ಗಿಚ್ಚು ಎಂಬ ಮಾತಿನ ಅರ್ಥ

"ಸುದ್ದಿಯು ಕಾಡ್ಗಿಚ್ಚಿನಂತೆ ಹಬ್ಬಿತು" ಎಂಬ ಮಾತನ್ನು ನಾವೆಲ್ಲರೂ ಆಡುತ್ತೇವೆ. ಆದರೆ ಮಟಮಾರಿಯ ಸುತ್ತಣ ಹೊಲಗಳಲ್ಲಿ ಕಾಡೆಲ್ಲಿ? ಕಣ್ಣು ಹಾಯುವಷ್ಟು ದೂರ ಜೋಳ, ಹತ್ತಿ, ಅಲ್ಲಲ್ಲಿ ಜಾಲಿ. ಕಣ್ಣಾರೆ ಕಾಣದ ಸಂಗತಿಯ ಹೆಸರನ್ನು ಬಾಯಲ್ಲಿ ಇಟ್ಟುಕೊಂಡಿರುವದರಿಂದ ಅದರ ಅರ್ಥವನ್ನು ವಿಚಾರಿಸುವದು ಒಳ್ಳೇದು.

ಕಾಡು, ಕಿಚ್ಚು ಎಂಬ ಎರಡು ಅಚ್ಚಗನ್ನಡದ ಮಾತುಗಳು ಕೂಡಿ ಈ ಪದವಾಯಿತು. ಕೂಡುವಾಗ ಕಕಾರವು ಗಕಾರವಾಗುವದನ್ನು ವ್ಯಾಕರಣದವರು ಆದೇಶಸಂಧಿ ಅನ್ನುತ್ತಾರೆ. ಸಂಸ್ಕೃತದಿಂದ ಬಂದ ದಾವಾನಲ, ದಾವಾಗ್ನಿ ಎಂಬವುಗಳಿಗೂ ಇದೇ ಅರ್ಥ. ಹೊಟ್ಟೆಕಿಚ್ಚು ಎಂಬಲ್ಲಿರುವದೂ ಈ ಕಿಚ್ಚೇ. ಒಲೆಯ ಬೆಂಕಿಯನ್ನು ಕಾಯುವವರು ಇದ್ದಾರೆ, ಕಾಡ್ಗಿಚ್ಚಿಗೆ ಕಾಯುವವರಿಲ್ಲ.

ಅದು ಎಂಥದೆಂದು ತಿಳಿಯಬೇಕಾದರೆ ಬಂಡೀಪುರದ ಅಡವಿಯನ್ನು ನೆನೆಯಿರಿ. ಅಲ್ಲಿ ೨೦೧೭ನೆಯ ಫೆಬ್ರವರಿಯಲ್ಲಿ ಕಿಚ್ಚನ್ನು ಆರಿಸಹೋದ ಅರಣ್ಯರಕ್ಷಕನೊಬ್ಬನು ಸತ್ತನು. ೨೦೧೯ನೆಯ ಫೆಬ್ರವರಿಯಲ್ಲಿ ಮತ್ತೆ ಹತ್ತಿದ ಕಿಚ್ಚು ಕೆಲವೇ ದಿವಸಗಳಲ್ಲಿ ೪,೦೦೦ ಹೆಕ್ಟೇರಿಗಿಂತ ಹೆಚ್ಚಾಗಿ, ಅಂದರೆ ಸುಮಾರು ೧೦,೦೦೦ ಎಕರೆಯಷ್ಟು, ಸುಟ್ಟುಬಿಟ್ಟಿತು. ಒಣಗಿದ ಲಂಟಾನದ ಪೊದೆಗಳೂ ಗಾಳಿಯೂ ಅದಕ್ಕೆ ನೆರವಾದವು. ಬೇಸಿಗೆಗೆ ಮುಂಚೆ ಹುಲ್ಲು ತರಗೆಲೆಗಳನ್ನು ತೆಗೆದು ಮಾಡುವ ಬರಿದಾದ ದಾರಿಗೆ ಬೆಂಕಿರೇಖೆ ಎಂದು ಹೆಸರು. ಗಾಳಿ ಬಲವಾದರೆ ಕಿಡಿಗಳು ಅದನ್ನೂ ದಾಟುತ್ತವೆ.

ನಮ್ಮ ದೇಶದ ಕಾಡ್ಗಿಚ್ಚುಗಳಲ್ಲಿ ಹೆಚ್ಚಿನವು ಮನುಷ್ಯರ ಕೈಯಿಂದಲೇ ಹುಟ್ಟುತ್ತವೆ. ಹೀಗಿರಲಾಗಿ ನಮ್ಮ ಮಾತಿನಲ್ಲಿ ಒಂದು ಉಪಾಯ ಅಡಗಿದೆ. ನೆರೆಯವಳ ಮೇಲಣ ಅಪವಾದವನ್ನು ಯಾರು ಹೇಳಿದರೆಂದು ಕೇಳಿದರೆ, "ಕಾಡ್ಗಿಚ್ಚಿನಂತೆ ಹಬ್ಬಿತು" ಅನ್ನುತ್ತೇವೆ. ಹಬ್ಬಿದ್ದು ನಿಜ, ಹಚ್ಚಿದವನ ಹೆಸರು ಮಾತ್ರ ಬರುವದಿಲ್ಲ. ಮಳೆಯಾದ ಸುದ್ದಿ, ಮದುವೆ ಗೊತ್ತಾದ ಸುದ್ದಿ ಇವುಗಳಿಗೂ ಕೆಲವರು ಕಾಡ್ಗಿಚ್ಚಿನ ಹೋಲಿಕೆ ಕೊಡುವದು ನನಗೆ ಸರಿದೋರುವದಿಲ್ಲ. ಹಬ್ಬುವದೆಂಬ ಕ್ರಿಯಾಪದವು ಬಳ್ಳಿಗೂ ಸಲ್ಲುತ್ತದಲ್ಲವೇ?

ಯಾಕೋಬನು ತನ್ನ ಪತ್ರಿಕೆಯ ಮೂರನೆಯ ಅಧ್ಯಾಯದಲ್ಲಿ ನಾಲಿಗೆಯನ್ನು ಇಂಥ ಬೆಂಕಿಗೆ ಹೋಲಿಸಿದ್ದಾನೆ. ಅಲ್ಲಿ ಆತನು ಬರೆದ ಹೂಲೆ ಎಂಬ ಗ್ರೀಕ್ ಪದಕ್ಕೆ ಅಡವಿ ಎಂತಲೂ ಕಟ್ಟಿಗೆ ಎಂತಲೂ ಅರ್ಥವುಂಟು. ಆದಕಾರಣ ಅಡವಿಯನ್ನು ಕಾಣದ ನಮ್ಮವರು ಆ ವಚನವನ್ನು ಓದುವಾಗ ಹಿತ್ತಲ ಕಟ್ಟಿಗೆಯ ರಾಶಿಯನ್ನೋ ಕಣದ ಬಣವೆಯನ್ನೋ ನೆನೆಯಬಹುದು. ಒಂದು ಬಣವೆಗೆ ಕಿಡಿ ಬಿದ್ದರೆ ಊರವರು ನೀರು ತರುವದಕ್ಕೆ ಓಡುವಾಗಲೇ ಪಕ್ಕದ ಬಣವೆಯನ್ನು ಎಳೆದುಹಾಕುವವರೂ ಓಡುವದನ್ನು ನೀವು ಕಂಡಿದ್ದೀರಿ.